ಬಳೆಗೆ ಕಟ್ಟಿದ ವೈರು

ಕಳೆದ ಜನವರಿಯ ಮೂರನೇ ಶನಿವಾರ ಮಧ್ಯಾಹ್ನ, ನ್ಯಾಮತಿಯ ಬಳೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ನನ್ನ ಅತ್ತಿಗೆಯ ಎಲೆಕ್ಟ್ರಿಕ್ ಗಿಟಾರಿನ ಎರಡೂ ಪಿಕಪ್‌ಗಳನ್ನು ಬದಲಾಯಿಸಲಾಯಿತು. ಬದಲಾಯಿಸಿದವನು ನಾನು. ಮಾರನೇ ದಿನ ಬೆಳಿಗ್ಗೆ ಜಗಳೂರಿನಲ್ಲಿ ಅವರು ಅದೇ ಗಿಟಾರನ್ನು ವೇದಿಕೆಯ ಮೇಲೆ ನುಡಿಸಬೇಕಿತ್ತು.

ನಾನು ಚನ್ನಗಿರಿಯಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಸೂಳೆಕೆರೆಗೆ ಎಷ್ಟು ನೀರು ಬಂತು, ಅಡಿಕೆಗೆ ಏನು ಧಾರಣೆ ಆಯಿತು, ಯಾರು ಯಾರಿಗೆ ಮನವಿ ಸಲ್ಲಿಸಿದರು, ಇವು ನನ್ನ ದಿನಚರಿ. ಗಿಟಾರು ಮೊದಲು ನನ್ನದಾಗಿತ್ತು. ಕಾಲೇಜಿನಲ್ಲಿ ಕೊಂಡೆ, ನೌಕರಿ ಸಿಕ್ಕ ಮೇಲೆ ಬೀರುವಿನ ನೆತ್ತಿಗೆ ಏರಿಸಿದೆ. ಕೊರೊನಾ ಕಾಲದಲ್ಲಿ ತಮ್ಮ ಬಳೆ ಅಂಗಡಿ ಮುಚ್ಚಿದ್ದಾಗ ಅತ್ತಿಗೆ ಅದನ್ನು ಇಳಿಸಿ ನ್ಯಾಮತಿಗೆ ಒಯ್ದರು. ಫೋನ್ ನೋಡಿಕೊಂಡು ಕಲಿತರು. ಅಂಗಡಿ ತೆರೆದ ಮೇಲೂ ಬಿಡಲಿಲ್ಲ. ಗಿರಾಕಿ ಬಂದು ‘ಎರಡು ಡಜನ್ ಹಸಿರು ಗಾಜು’ ಎಂದರೆ, ‘ಇರವ್ವಾ, ಈ ಒಂದು ಸಾಲು ಮುಗೀಲಿ’ ಅನ್ನುವ ಮಟ್ಟಕ್ಕೆ ಹೋಗಿದ್ದಾರೆಂದು ಅಣ್ಣ ಹೇಳುತ್ತಿದ್ದ. ಇದನ್ನು ನಾನು ಸ್ವತಃ ನೋಡಿಲ್ಲ.

ಅತ್ತಿಗೆಯ ತವರು ಜಗಳೂರು. ಅಲ್ಲಿನ ಹೈಸ್ಕೂಲಿನಲ್ಲಿ ಅವರ ಜೊತೆ ಓದಿದವರೆಲ್ಲ ಸೇರಿ ಆ ಭಾನುವಾರ ಗುರುವಂದನೆ ಇಟ್ಟುಕೊಂಡಿದ್ದರು. ಹಳೆಯ ಮೇಷ್ಟರುಗಳನ್ನು ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಊಟ ಹಾಕಿ, ಎಲ್ಲರೂ ಸ್ವಲ್ಪ ಕಣ್ಣೀರು ಹಾಕುವ ಕಾರ್ಯಕ್ರಮ. ಅತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ‘ಶಾಲೆಯ ಪ್ರಾರ್ಥನೆಯನ್ನು ನಾನು ಗಿಟಾರಿನಲ್ಲಿ ನುಡಿಸುತ್ತೇನೆ’ ಎಂದು ಬರೆದರು. ಅದಕ್ಕೆ ನಗುವ ಮುಖಗಳ ಮಳೆಯೇ ಸುರಿಯಿತು. ಹೊನ್ನಾಳಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ ಇಟ್ಟಿರುವ ಅವರ ಸಹಪಾಠಿಯೊಬ್ಬರು, ‘ಗಿಟಾರ್ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರೆ ಸಾಕು ತಾಯಿ, ಹಾಡು ಮೊಬೈಲ್‌ನಾಗೆ ಹಾಕ್ತೀವಿ’ ಎಂದು ಬರೆದಿದ್ದರು.

ಅತ್ತಿಗೆಗೆ ಆ ಸಹಪಾಠಿಯ ಮೇಲೆ ಸಿಟ್ಟಿರಲಿಲ್ಲ. ಅತ್ತಿಗೆಯ ಕಣ್ಣು ಬೇರೆ ಕಡೆ ಇತ್ತು. ಎಂಟನೇ ಕ್ಲಾಸಿನಲ್ಲಿ ಒಂದು ಬೆಳಿಗ್ಗೆ, ಪ್ರಾರ್ಥನೆಯ ಸಾಲಿನಲ್ಲಿ, ಪಿ.ಟಿ. ಮೇಷ್ಟ್ರು ಅತ್ತಿಗೆಯ ಬಾಯಿಯ ಹತ್ತಿರ ಕಿವಿ ತಂದು, ‘ನೀನು ಬಾಯಿ ಮಾತ್ರ ಆಡಿಸು. ಶಬ್ದ ಬೇಡ’ ಅಂದಿದ್ದರು. ಹತ್ತನೇ ಕ್ಲಾಸು ಮುಗಿಯುವವರೆಗೂ ಅವರು ಬಾಯಿ ಮಾತ್ರ ಆಡಿಸಿದರು.

“ಆ ಮೇಷ್ಟ್ರು ಬರ್ತಾರಂತೆ,” ಅಂದರು ಅತ್ತಿಗೆ. “ಮುಂದಿನ ಸಾಲಿನಾಗೆ ಕೂತ್ಕೋತಾರೆ. ನನಗೆ ಚಪ್ಪಾಳೆ ಬೇಡ, ಶಾಲು ಬೇಡ. ಅವರ ಮುಂದೆ ನನ್ನಿಂದ ಒಂದ್ಸಲ ಶಬ್ದ ಬರಬೇಕು, ಅಷ್ಟೆ.”

ಪಿಕಪ್ ಎಂದರೆ ಗಿಟಾರಿನ ತಂತಿಗಳ ಕೆಳಗೆ ಕೂರುವ ಒಂದು ಸಣ್ಣ ಪೆಟ್ಟಿಗೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ಅದುರಿದರೆ ಇದರೊಳಗೆ ಚೂರೇ ಚೂರು ಕರೆಂಟು ಹುಟ್ಟುತ್ತದೆ. ಅದೇ ವೈರಿನಲ್ಲಿ ಹೋಗಿ, ಸ್ಪೀಕರ್ ಪೆಟ್ಟಿಗೆಯಲ್ಲಿ ದೊಡ್ಡದಾಗಿ, ಶಬ್ದವಾಗುತ್ತದೆ. ನಮ್ಮ ಗಿಟಾರಿನ ಹಳೆಯ ಪಿಕಪ್‌ಗಳು ಸ್ವಲ್ಪ ಜೋರಾಗಿ ಮೀಟಿದರೆ ಸೀಟಿ ಹೊಡೆಯುತ್ತಿದ್ದವು. ಹೊಸದೊಂದನ್ನು ಆನ್‌ಲೈನಿನಲ್ಲಿ ತರಿಸಿದೆವು. ಇನ್ನೊಂದು ದಾವಣಗೆರೆಯ ಆರ್ಕೆಸ್ಟ್ರಾದವರೊಬ್ಬರು ಬಳಸಿ ಬಿಟ್ಟದ್ದು. ಎರಡೂ ಬೇರೆ ಬೇರೆ ಕಂಪನಿಯವು. ಎರಡರಲ್ಲೂ ಬಣ್ಣಬಣ್ಣದ ವೈರುಗಳಿದ್ದವು. ಯಾವ ಬಣ್ಣ ಎಲ್ಲಿಗೆ ಎಂಬ ಚಿತ್ರ ಹೊಸದರ ಡಬ್ಬಿಯಲ್ಲಿ ಮಾತ್ರ ಇತ್ತು. ನಾನು ಆ ಒಂದೇ ಚಿತ್ರ ನೋಡಿ ಎರಡನ್ನೂ ಬೆಸೆದೆ. ಒಬ್ಬರ ಹೇಳಿಕೆಯ ಮೇಲೆ ಎರಡು ಸುದ್ದಿ ಬರೆದರೆ ಪತ್ರಿಕೆಯ ಡೆಸ್ಕಿನವರು ನನ್ನನ್ನು ಬಿಡುತ್ತಿರಲಿಲ್ಲ.

ಬೆಸುಗೆ ಆರಿದ ಮೇಲೆ ಅತ್ತಿಗೆ ಗಿಟಾರನ್ನು ಚಿಕ್ಕ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೀಟಿದರು. ಕುತ್ತಿಗೆ ಕಡೆಯ ಪಿಕಪ್ ಒಂದೇ ಇಟ್ಟರೆ ದಪ್ಪ ದನಿ. ಹಿಂದಿನದು ಒಂದೇ ಇಟ್ಟರೆ ಚುರುಕು ದನಿ. ಸ್ವಿಚ್ಚನ್ನು ಮಧ್ಯಕ್ಕೆ ತಂದು ಎರಡನ್ನೂ ಸೇರಿಸಿದರೆ, ಮೂಗು ಕಟ್ಟಿದವರು ಡಬ್ಬಿಯೊಳಗಿಂದ ಮಾತಾಡಿದಂತೆ ಬಡಕಲು ದನಿ. ಅತ್ತಿಗೆ ಪ್ರಾರ್ಥನೆಯನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು ಆ ಮಧ್ಯದ ಜಾಗದಲ್ಲೇ. ಮೊದಲು ಅಲ್ಲಿ ಗಂಟೆಯಂಥ ನಾದ ಬರುತ್ತಿತ್ತು.

“ಒಂದನ್ನೇ ಇಟ್ಕೊಂಡು ನುಡಿಸಿಬಿಡಿ,” ಅಂದೆ.

“ಎರಡು ಹಾಕ್ಸೀನಿ, ಎರಡೂ ದುಡೀಬೇಕು,” ಅಂದರು.

ತನಿಖೆ ಶುರು ಮಾಡಿದೆ. ಸ್ಕ್ರೂ ಡ್ರೈವರಿನ ತುದಿಯಿಂದ ಪಿಕಪ್‌ಗಳ ತಲೆಯನ್ನು ಮೆಲ್ಲಗೆ ತಟ್ಟಿದರೆ, ಜೀವ ಇರುವುದು ಸ್ಪೀಕರಿನಲ್ಲಿ ‘ಟಕ್’ ಅನ್ನುತ್ತದೆ. ಎರಡೂ ಟಕ್ ಅಂದವು. ಸ್ವಿಚ್ಚು ಸರಿ ಇತ್ತು. ಬೆಸುಗೆ ಸಡಿಲ ಇರಬಹುದೆಂದು ಎಲ್ಲವನ್ನೂ ಮತ್ತೆ ಕಾಯಿಸಿ ಕೂರಿಸಿದೆ. ಬಡಕಲು ಹಾಗೇ ಇತ್ತು. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೇಳಿದರೆ ಇಬ್ಬರೂ ನೆಟ್ಟಗೆ ಹೇಳುತ್ತಾರೆ, ಒಟ್ಟಿಗೆ ನಿಲ್ಲಿಸಿದರೆ ಒಬ್ಬರ ಮಾತನ್ನು ಇನ್ನೊಬ್ಬರು ಅಳಿಸುತ್ತಾರೆ. ಅಂಥ ಕೇಸು.

ಅಣ್ಣ ತೋಟದಿಂದ ಬಂದು ಬಾಗಿಲಲ್ಲೇ ನಿಂತು ಕೇಳಿದ. “ಸೊಳ್ಳೆ ಹಿಡ್ದಿದೀರಾ?”

“ರೀ, ನೀವು ಸುಮ್ನೆ ಕೈಕಾಲು ತೊಳ್ಕೊಳ್ರಿ,” ಅಂದರು ಅತ್ತಿಗೆ.

ಅಷ್ಟರಲ್ಲಿ ಹೊನ್ನಾಳಿಯ ರಿವೈಂಡಿಂಗ್‌ನವರ ಫೋನು ಬಂತು. ಮರುದಿನ ಎಲ್ಲರೂ ಅಣ್ಣನ ವ್ಯಾನಿನಲ್ಲಿ ಜೊತೆಗೇ ಹೋಗುವುದೆಂದು ಮಾತಾಗಿತ್ತು. ಎಷ್ಟೊತ್ತಿಗೆ ಬರುತ್ತೀರಿ ಎಂದು ಕೇಳಲು ಮಾಡಿದ್ದರು. ಹಿಂದಿನಿಂದ ಗಿಟಾರಿನ ದನಿ ಕೇಳಿ, “ಏನ್ ತಾಯಿ ಅದು, ನೀರು ಕಮ್ಮಿ ಬರ್ತೈತಲ್ಲ?” ಅಂದರು.

“ಗಿಟಾರಪ್ಪಾ ಇದು. ಬೋರ್‌ವೆಲ್ ಅಲ್ಲ.”

“ಅಯ್ಯೋ, ಎಲ್ಲಾ ಒಂದೇ. ಒಂದೊಂದೇ ಹಾಕಿದ್ರೆ ಚಲೋ ಐತಾ? ಎರಡೂ ಸೇರಿದ್ರೆ ಸಣ್ಣಗಾಗ್ತೈತಾ? ಒಂದು ಉಲ್ಟಾ ತಿರುಗ್ತೈತೆ.”

“ಗಿಟಾರು ತಿರುಗಲ್ಲಪ್ಪಾ!”

“ನೀನು ತಾ ತಾಯಿ, ನಾನು ತಿರುಗಿಸ್ತೀನಿ.”

ನಮ್ಮ ಕಡೆ ತೋಟ ಇರುವ ಎಲ್ಲರಿಗೂ ಇದು ಗೊತ್ತು. ಬೋರಿನ ಮೋಟಾರು ಉಲ್ಟಾ ತಿರುಗಿದರೂ ನೀರು ಬರುತ್ತದೆ, ಆದರೆ ಸಣ್ಣಗೆ. ಆಗ ಸ್ಟಾರ್ಟರಿನಲ್ಲಿ ಎರಡು ವೈರು ಅದಲುಬದಲು ಮಾಡಿದರೆ ಭರ್ರೆಂದು ಬರುತ್ತದೆ. ಇದನ್ನು ಗಿಟಾರಿಗೆ ಅನ್ವಯಿಸಬಹುದೇ ಎಂಬುದು ಮಾತ್ರ ಆ ಹೊತ್ತಿಗೆ ದೃಢಪಟ್ಟಿರಲಿಲ್ಲ.

ಭಾನುವಾರ ಹೊತ್ತು ಮೂಡುವಾಗ ನ್ಯಾಮತಿ ಬಿಟ್ಟೆವು. ಅತ್ತಿಗೆ ರೇಷ್ಮೆ ಸೀರೆ ಉಟ್ಟು, ಅಂಗಡಿಯ ಒಳ್ಳೆಯ ಹಸಿರು ಗಾಜಿನ ಬಳೆಗಳನ್ನು ಎರಡೂ ಕೈತುಂಬ ಏರಿಸಿ, ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದರು. ಹೊನ್ನಾಳಿಯಲ್ಲಿ ರಿವೈಂಡಿಂಗ್‌ನವರು ಅಂಗಡಿಯ ಶಟರು ಅರ್ಧ ಎತ್ತಿ, ಹೊಸ ಬಿಳಿ ಅಂಗಿ ಹಾಕಿಕೊಂಡು, ಅದಕ್ಕೆ ಗ್ರೀಸು ತಾಗದಂತೆ ಮುಂದೆ ಒಂದು ಟವೆಲು ಕಟ್ಟಿಕೊಂಡು ಕಾಯುತ್ತಿದ್ದರು. ಬಿಚ್ಚಿದ ಮೋಟಾರುಗಳ ನಡುವೆ ಗಿಟಾರನ್ನು ಬೋರಲು ಮಲಗಿಸಿ ಹಿಂದಿನ ಮುಚ್ಚಳ ತೆಗೆದರು. ಒಳಗೆ ನೋಡಿ, “ಇಷ್ಟೇನಾ? ಇದಕ್ಕೆ ನೀನು ಅಷ್ಟು ಬೀಗ್ತಿದ್ದೆಯಲ್ಲ ತಾಯಿ,” ಅಂದರು.

ಅವರ ಹತ್ತಿರ ಮುಳ್ಳು ಓಡುವ ಹಳೆಯ ಮೀಟರು ಇತ್ತು. ಮೋಟಾರಿನ ಸುರುಳಿಯಲ್ಲಿ ಶುರು ಯಾವುದು, ಕೊನೆ ಯಾವುದು ಎಂದು ಹುಡುಕಲು ಅದನ್ನೇ ಬಳಸುತ್ತಾರಂತೆ. ಒಂದು ಪಿಕಪ್ಪಿನ ವೈರುಗಳನ್ನು ಮೀಟರಿಗೆ ಕೊಟ್ಟು, ಕಬ್ಬಿಣದ ಸ್ಕ್ರೂ ಡ್ರೈವರನ್ನು ಪಿಕಪ್ಪಿನ ತಲೆಗೆ ತಟ್ಟನೆ ಮುಟ್ಟಿಸಿದರು. ಮುಳ್ಳು ಬಲಕ್ಕೆ ಹಾರಿತು. ಎರಡನೆಯದಕ್ಕೆ ಹಾಗೇ ಮಾಡಿದರು. ಮುಳ್ಳು ಎಡಕ್ಕೆ ಹಾರಿತು.

ರಿವೈಂಡಿಂಗ್‌ನವರು ಕೂಗಿದ ಕೂಗಿಗೆ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಎದ್ದು ನೋಡಿದರು.

“ಉಲ್ಟಾ! ಹೇಳ್ಲಿಲ್ವಾ ನಾನು? ಉಲ್ಟಾ ಅಂದ್ರೆ ಉಲ್ಟಾ! ಫೋನಿನಾಗೆ ಕೇಳಿ ಹೇಳೀನಿ! ಬರ್ಕೊಳ್ರಿ ಪೇಪರ್‌ನೋರೆ!”

ನಾನು ಎರಡನ್ನೂ ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆ. ಮುಳ್ಳು ಹೇಳಿಕೆ ಬದಲಿಸಲಿಲ್ಲ. ಆರ್ಕೆಸ್ಟ್ರಾದವರಿಂದ ಬಂದ ಪಿಕಪ್ಪಿನ ಕಂಪನಿಗೆ ಬಣ್ಣಗಳ ಲೆಕ್ಕವೇ ಬೇರೆ ಇತ್ತು. ಅದರ ಎರಡು ವೈರುಗಳನ್ನು ನಾನು ಬಿಚ್ಚಿ, ಅದಲುಬದಲು ಮಾಡಿ ಬೆಸೆದೆ. ರಿವೈಂಡಿಂಗ್‌ನವರು ಪಕ್ಕದಲ್ಲಿ ನಿಂತು ‘ಹಂಗೆ, ಹಂಗೆ’ ಅನ್ನುತ್ತಿದ್ದರು. ಆಂಪ್ಲಿಫೈಯರಿಗೆ ಸಿಕ್ಕಿಸಿದ ಅತ್ತಿಗೆ ಸ್ವಿಚ್ಚನ್ನು ಮಧ್ಯಕ್ಕೆ ಇಟ್ಟು ಒಂದು ಸಲ ಮೀಟಿದರು. ಗಂಟೆಯ ನಾದ ವಾಪಸು ಬಂದಿತ್ತು. ದುಂಡಗೆ, ತುಂಬಿಕೊಂಡು, ಶಟರಿನ ತಗಡು ಸಣ್ಣಗೆ ಅದುರುವಷ್ಟು.

ಅತ್ತಿಗೆ ನಕ್ಕರು. ನಾನು ನಕ್ಕೆ. ಯಾಕೆ ನಗುತ್ತಿದ್ದೇವೆಂದು ತಿಳಿಯದೆ ಅಣ್ಣನೂ ನಕ್ಕ. ರಿವೈಂಡಿಂಗ್‌ನವರು ಗಿಟಾರಿಗೆ ಕೈಮುಗಿದು, “ಈಗ ಭರ್ತಿ ಎರಡಿಂಚು ನೀರು ನೋಡ್ರಿ,” ಅಂದರು. ಅವರಿಗೆ ಇಡ್ಲಿ ಕೊಡಿಸುವುದು ಅತ್ತಿಗೆಯ ಪಾಲಿಗೆ ಬಂತು. ಮೂವರೂ ಎದುರಿನ ಹೋಟೆಲಿಗೆ ಹೋದೆವು. ಅಣ್ಣನಿಗೆ ಹಸಿವಿರಲಿಲ್ಲ. “ನೀವು ತಿಂದು ಬರ್ರಿ, ಮುಚ್ಚಳ ನಾನು ಹಾಕಿರ್ತೀನಿ,” ಅಂದ. ನಾವು ಬರುವಷ್ಟರಲ್ಲಿ ಸ್ಕ್ರೂ ಬಿಗಿದು, ಗಿಟಾರನ್ನು ಚೀಲಕ್ಕೆ ಹಾಕಿ, ವ್ಯಾನಿನಲ್ಲಿ ಇಟ್ಟಿದ್ದ. “ಒಳಗೆ ನೀಟಾಗಿ ಮಾಡೀನಿ,” ಅಂದ. ಯಾರೂ ಏನೂ ಕೇಳಲಿಲ್ಲ.

ದಾವಣಗೆರೆ ದಾಟಿ ಜಗಳೂರಿನವರೆಗೆ ವ್ಯಾನಿನಲ್ಲಿ ಬಾಯಿಗೆ ಬಿಡುವಿರಲಿಲ್ಲ. ರಿವೈಂಡಿಂಗ್‌ನವರು ಇನ್ನು ಮುಂದೆ ಬೋರ್ಡಿನಲ್ಲಿ ‘ಗಿಟಾರ್ ರಿಪೇರಿ ಮಾಡಲಾಗುವುದು’ ಎಂದು ಬರೆಸುವುದಾಗಿ ಹೇಳಿದರು. ಅತ್ತಿಗೆ ಬರಿಗೈಯಲ್ಲಿ ಸೀಟಿನ ಮೇಲೆ ಪ್ರಾರ್ಥನೆ ನುಡಿಸುತ್ತಿದ್ದರು, ಬಳೆಗಳು ತಾಳ ಹಾಕುತ್ತಿದ್ದವು.

ಸಮುದಾಯ ಭವನ ತುಂಬಿತ್ತು. ವೇದಿಕೆಯ ಮುಂದಿನ ಸಾಲಿನಲ್ಲಿ ಮೇಷ್ಟರುಗಳು ಕೂತಿದ್ದರು. ಆ ತುದಿಯಲ್ಲಿ, ಬೆನ್ನು ಇನ್ನೂ ಕೋಲಿನಂತೆ ನೆಟ್ಟಗಿಟ್ಟುಕೊಂಡು, ಪಿ.ಟಿ. ಮೇಷ್ಟ್ರು. ಅತ್ತಿಗೆ ಅವರನ್ನು ದೂರದಿಂದ ನೋಡಿದವರೇ ನನ್ನ ತೋಳು ಹಿಡಿದರು. ಬಳೆಗಳು ಚುಚ್ಚಿದವು.

ವೇದಿಕೆಯ ಪಕ್ಕದಲ್ಲಿ ಆಂಪ್ಲಿಫೈಯರು ಇಟ್ಟು, ಅದರ ಮುಂದೆ ಮೈಕು ನಿಲ್ಲಿಸಿ, ಗಿಟಾರು ಸಿಕ್ಕಿಸಿದೆವು.

ಗುರ್ರ್ ಎಂದಿತು. ಅತ್ತಿಗೆ ಮೀಟುವ ಮೊದಲೇ. ಹಾಲು ಕರೆಯುವ ಯಂತ್ರ ಭವನದೊಳಗೆ ಬಂದಂತೆ. ಸ್ವಿಚ್ಚನ್ನು ಯಾವ ಕಡೆಗೆ ತಿರುಗಿಸಿದರೂ ಗುರ್ರ್. ಮೀಟಿದರೆ ಒಳಗೆಲ್ಲೋ ಗಂಟೆಯ ನಾದ ಕೇಳುತ್ತಿತ್ತು, ಅದರ ಮೇಲೆ ಗುರ್ರ್.

“ನಮ್ ಸೆಟ್ ಚೆನ್ನಾಗೈತ್ರಿ,” ಅಂದರು ಮೈಕ್‌ಸೆಟ್‌ನವರು, ಯಾರೂ ಕೇಳುವ ಮೊದಲೇ.

“ಇದು ಜಗಳೂರಿನ ಕರೆಂಟು,” ಅಂದರು ರಿವೈಂಡಿಂಗ್‌ನವರು. “ನಾವು ಓದೋವಾಗಲೂ ಹಿಂಗೇ ಇತ್ತು. ಬೇಕಾದ್ರೆ ಎರಡು ವೈರ್ ಅದಲುಬದಲು ಮಾಡಾಣ.”

“ಇನ್ನೆಷ್ಟು ಅದಲುಬದಲು ಮಾಡ್ತೀಯಪ್ಪಾ?” ಅತ್ತಿಗೆಯ ದನಿ ಬಡಕಲಾಗಿತ್ತು.

ನಿರೂಪಣೆ ಮಾಡುತ್ತಿದ್ದ ಸಹಪಾಠಿ ಮೈಕಿನಲ್ಲಿ, ತಾಂತ್ರಿಕ ಕಾರಣದಿಂದ ಮೊದಲು ಸ್ವಾಗತ, ಆಮೇಲೆ ಪ್ರಾರ್ಥನೆ ಎಂದರು. ಪಿ.ಟಿ. ಮೇಷ್ಟ್ರು ಕೂತಲ್ಲಿಂದಲೇ ಕೈ ಎತ್ತಿದರು. “ಪ್ರಾರ್ಥನೆ ಇಲ್ದೆ ಹೆಂಗೆ ಶುರು ಮಾಡ್ತೀರಿ? ಕಾಯ್ತೀವಿ.” ಇಡೀ ಭವನ ಶಾಲೆಯ ಮೈದಾನದಂತೆ ತೆಪ್ಪಗಾಯಿತು. ಎಲ್ಲರೂ ನಮ್ಮನ್ನೇ ನೋಡತೊಡಗಿದರು. ನಿರೂಪಕರು ಬಗ್ಗಿ, “ಅಕ್ಕಾವ್ರೆ, ಮೊಬೈಲ್‌ನಾಗೆ ಪ್ರಾರ್ಥನೆ ರೆಡಿ ಐತೆ. ಹಾಕ್ಲಾ?” ಅಂದರು.

ಅತ್ತಿಗೆ ನನ್ನ ಮುಖ ನೋಡಿದರು. “ಮೊಬೈಲ್ ಹಾಕಿದ್ರೆ ನಾನು ಇಲ್ಲಿ ನಿಂತು ಏನು ಮಾಡ್ಲಿ, ಮತ್ತೆ ಬಾಯಿ ಆಡಿಸ್ಲಾ?”

ಹೊನ್ನಾಳಿಯಲ್ಲಿ ಸರಿ ಇದ್ದದ್ದು ಜಗಳೂರಿನಲ್ಲಿ ಕೆಟ್ಟಿದೆ. ಹಾಗಿದ್ದರೆ ನಡುವೆ ಬದಲಾಗಿದ್ದು ಏನು? ನಾನು ಗಿಟಾರಿನ ಬದಿಯಲ್ಲಿ ವೈರಿನ ಪಿನ್ನು ಸಿಕ್ಕಿಸುವ ಲೋಹದ ಬಿಲ್ಲೆಯನ್ನು ಒತ್ತಿ ನೋಡಲು ಹೋದೆ. ನನ್ನ ಇನ್ನೊಂದು ಕೈ ಅತ್ತಿಗೆಯ ಮೊಣಕೈ ಮೇಲಿತ್ತು. ಬೆರಳು ಬಿಲ್ಲೆಗೆ ತಾಗಿದ್ದೇ ಗುರ್ರ್ ನಿಂತಿತು. ತೆಗೆದೆ, ಗುರ್ರ್. ಮುಟ್ಟಿದೆ, ಮೌನ. ಮೊಣಕೈ ಬಿಟ್ಟು ಮುಟ್ಟಿದೆ, ಗುರ್ರ್.

ಇಷ್ಟು ಸಾಕಾಗಿತ್ತು. ಗಾಳಿಯಲ್ಲಿರುವ ಕರೆಂಟಿನ ಗಲಾಟೆಯನ್ನು ಮನುಷ್ಯನ ಮೈ ಹೀರಿ ಪಿಕಪ್ಪಿಗೆ ದಾಟಿಸುತ್ತದೆ. ಅದಕ್ಕೇ ಗಿಟಾರಿನೊಳಗೆ ಒಂದು ವೈರು ಮರದ ತೂತಿನ ಮೂಲಕ ಹೋಗಿ, ತಂತಿಗಳು ಕೂರುವ ಲೋಹದ ಪಟ್ಟಿಯನ್ನು ಮುಟ್ಟಿಕೊಂಡಿರುತ್ತದೆ. ನುಡಿಸುವವರು ತಂತಿ ಮುಟ್ಟಿದರೆ ಮೈಗೆ ಅರ್ಥಿಂಗ್ ಆಗುತ್ತದೆ, ಗಲಾಟೆ ಅಡಗುತ್ತದೆ. ಆ ವೈರು ಬೆಳಿಗ್ಗೆ ಇತ್ತು. ಈಗ ಕೆಲಸ ಮಾಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಗಿಟಾರಿನ ಒಳಗನ್ನು ಕೊನೆಯದಾಗಿ ನೋಡಿದವನನ್ನು ನಾನು ಇನ್ನೂ ಮಾತಾಡಿಸಿರಲಿಲ್ಲ.

“ಅಣ್ಣಾ, ಮುಚ್ಚಳ ಹಾಕೋವಾಗ ಏನಾದ್ರೂ ಮಾಡಿದ್ಯಾ?”

“ನಾನೇನೂ ಮಾಡಿಲ್ಲಪ್ಪ.”

“ಏನೂ?”

“ಏನೂ ಇಲ್ಲ. ಒಂದು ವೈರ್ ಹೆಚ್ಚಿಗೆ ಇತ್ತು. ಕತ್ತರಿಸಿದೆ.”

“ಹೆಚ್ಚಿಗೆ ಅಂದ್ರೆ?”

“ಮರದೊಳಗೆ ಹೋಗಿತ್ತೋ. ಮರಕ್ಕೆ ಯಾಕೆ ಕರೆಂಟು? ಅರ್ಥಿಂಗ್ ಇರಬೇಕು ಅಂದ್ಕೊಂಡೆ. ಅರ್ಥಿಂಗ್ ವೈರಿಗೆ ಏನು ಕೆಲಸ ಐತೆ? ತೋಟದ ಸ್ಟಾರ್ಟರ್‌ನಾಗೂ ಕತ್ತರಿಸಿ ಟೇಪ್ ಸುತ್ತೀನಿ. ಇಪ್ಪತ್ತು ವರ್ಷ ಆತು, ಮೋಟಾರ್ ಓಡ್ತಿಲ್ವಾ?”

ರಿವೈಂಡಿಂಗ್‌ನವರು ಹಣೆ ಚಚ್ಚಿಕೊಂಡರು. ತೋಟದ ಆ ಮೋಟಾರು ಕೂರಿಸಿಕೊಟ್ಟವರು ಅವರೇ. ಅತ್ತಿಗೆ ಗಂಡನ ಕಡೆ ತಿರುಗಿ, “ರೀ...” ಎಂದಷ್ಟೇ ಅಂದರು. ಆ ಒಂದಕ್ಷರ ಸಾಕಾಗಿ ಅಣ್ಣ ಎರಡು ಹೆಜ್ಜೆ ಹಿಂದೆ ಹೋದ.

ಬೆಸುಗೆಯ ಸಾಮಾನು ಹೊನ್ನಾಳಿಯ ಮೇಜಿನ ಮೇಲೆ ಉಳಿದಿತ್ತು. ಮುಚ್ಚಳ ಬಿಚ್ಚುವಷ್ಟು ಹೊತ್ತೂ ಇರಲಿಲ್ಲ. ವೈರನ್ನು ಗಿಟಾರಿನ ಒಳಗಿಂದ ತರಲಾಗದಿದ್ದರೆ ಹೊರಗಿಂದ ತರಬೇಕು. ಅತ್ತಿಗೆಯ ಮೈಗೆ ಆ ಬಿಲ್ಲೆಯಿಂದ ಒಂದು ದಾರಿ ಬೇಕು. ಮೈಕ್‌ಸೆಟ್‌ನವರಿಂದ ಒಂದು ಮೊಳ ವೈರು ಇಸಿದುಕೊಂಡು ಎರಡೂ ತುದಿಯ ಸಿಪ್ಪೆ ಸುಲಿದೆ.

“ಕೈ ಕೊಡ್ರಿ ಅತ್ತಿಗೆ. ಬಳೆಗೆ ಕಟ್ಟಾಣ.”

ಕೈ ಕೊಟ್ಟರು. ಮೊಣಕೈವರೆಗೆ ಗಾಜು. ಗಾಜಿನಲ್ಲಿ ಕರೆಂಟು ಹಾಯುವುದಿಲ್ಲ. ಊರಿಗೆಲ್ಲ ಬಳೆ ಮಾರುವವರ ಕೈಯಲ್ಲಿ ಕೆಲಸಕ್ಕೆ ಬರುವ ಬಳೆ ಇಲ್ಲ ಎಂದು ನನಗೆ ನಗು ಬಂತು, ಆ ಹೊತ್ತಿನಲ್ಲಿ ನಗಬಾರದಿತ್ತು. ಅತ್ತಿಗೆಗೂ ಬಂತು. ಇಬ್ಬರೂ ಭುಜ ಕುಲುಕಿಸಿಕೊಂಡು ನಗುತ್ತಿರುವಾಗಲೇ ಅವರು ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿದರು. ಮಣಿಕಟ್ಟಿನಲ್ಲಿ, ಎಲ್ಲಕ್ಕಿಂತ ಕೆಳಗೆ, ಮದುವೆಯಲ್ಲಿ ಅಣ್ಣನ ಮನೆಯಿಂದ ಹಾಕಿದ ಒಂದು ಚಿನ್ನದ ಬಳೆ ಇತ್ತು.

“ಇದು ಆಗ್ತೈತಾ?”

“ಇದಕ್ಕಿಂತ ಚೆನ್ನಾಗಿರೋದು ಇಲ್ಲ.”

“ಹಂಗಾದ್ರೆ ಅವರು ಕತ್ತರಿಸಿದ್ದನ್ನ ಅವರೇ ಕೊಟ್ಟಂಗಾತು,” ಅಂದರು ಅತ್ತಿಗೆ. ದೂರದಲ್ಲಿ ನಿಂತಿದ್ದ ಅಣ್ಣನ ಮುಖ ಸ್ವಲ್ಪ ಅರಳಿತು.

ರಿವೈಂಡಿಂಗ್‌ನವರು ಮೊದಲು ಜೇಬಿನಿಂದ ಟೆಸ್ಟರ್ ತೆಗೆದು ಬಿಲ್ಲೆಗೆ, ಆಂಪ್ಲಿಫೈಯರಿನ ಮೈಗೆ, ಮೈಕಿನ ಕಂಬಕ್ಕೆ ಮುಟ್ಟಿಸಿ ನೋಡಿದರು. ಎಲ್ಲೂ ದೀಪ ಹತ್ತಲಿಲ್ಲ. “ಶಾಕ್ ಇಲ್ಲ ತಾಯಿ, ಧೈರ್ಯವಾಗಿ ಹೊಡಿ,” ಅಂದರು. ವೈರಿನ ಒಂದು ತುದಿಯನ್ನು ಬಿಲ್ಲೆಯ ನಟ್ಟಿನ ಕೆಳಗೆ ಸಿಕ್ಕಿಸಿ, ಇನ್ನೊಂದನ್ನು ಚಿನ್ನದ ಬಳೆಗೆ ಸುತ್ತಿದೆ. ಗುರ್ರ್ ನಿಂತಿತು.

ಅತ್ತಿಗೆ ವೇದಿಕೆಯ ಮಧ್ಯಕ್ಕೆ ಬಂದು ಪ್ರಾರ್ಥನೆಯ ಮೊದಲ ಸಾಲು ನುಡಿಸಿದರು.

ಆಮೇಲೆ ನಡೆದದ್ದನ್ನು ವೇದಿಕೆಯ ಪಕ್ಕದಿಂದ ನಾನು ಕಣ್ಣಾರೆ ಕಂಡಿದ್ದೇನೆ. ಎರಡನೇ ಸಾಲು ಮುಗಿಯುವುದರೊಳಗೆ, ಯಾರೂ ಹೇಳದೆ, ಇಡೀ ಭವನ ಎದ್ದು ನಿಂತಿತು. ಐವತ್ತು ದಾಟಿದ ಗಂಡಸರು, ಹೆಂಗಸರು, ಸಾಲಾಗಿ, ಕೈಕಟ್ಟಿ, ಕಣ್ಣು ಮುಚ್ಚಿ ನಿಂತರು. ಮೈಕ್‌ಸೆಟ್‌ನವರೂ ನಿಂತರು. ಎಲ್ಲರ ತುಟಿಗಳೂ ಆಡುತ್ತಿದ್ದವು. ಗಿಟಾರು ಬಿಟ್ಟರೆ ಬೇರೆ ಯಾವ ಶಬ್ದವೂ ಇರಲಿಲ್ಲ. ನಾನು ಮೊದಲು ನನ್ನ ಕಿವಿಯನ್ನೇ ಅನುಮಾನಿಸಿದೆ. ಒಬ್ಬರೂ ಹಾಡುತ್ತಿರಲಿಲ್ಲ. ಎಲ್ಲರೂ ಬಾಯಿ ಮಾತ್ರ ಆಡಿಸುತ್ತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ರಿವೈಂಡಿಂಗ್‌ನವರು ಕೂಡ.

ಪಿ.ಟಿ. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿರಲಿಲ್ಲ. ಅವರು ಹಳೆಯ ಅಭ್ಯಾಸದಂತೆ ಎದ್ದು ಸಾಲಿನ ಉದ್ದಕ್ಕೂ ಹೆಜ್ಜೆ ಹಾಕಿದರು. ಒಬ್ಬರ ಬಾಯಿಯ ಹತ್ತಿರ ಕಿವಿ ಇಟ್ಟರು, ಮುಂದಕ್ಕೆ ಹೋದರು. ಇನ್ನೊಬ್ಬರ ಹತ್ತಿರ ಇಟ್ಟರು, ನಿಂತರು, ಮುಂದಕ್ಕೆ ಹೋದರು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ವೇದಿಕೆಯ ಕೆಳಗೆ ಬಂದು, ಆಂಪ್ಲಿಫೈಯರಿನ ಹತ್ತಿರ ಬಗ್ಗಿ, ಅದಕ್ಕೂ ಕಿವಿ ಕೊಟ್ಟರು. ಕೊನೆಯ ನಾದ ಆರುವವರೆಗೆ ಅಲ್ಲೇ ಇದ್ದರು. ಆಮೇಲೆ ನಿರೂಪಕರ ಕೈಯಿಂದ ಮೈಕು ತೆಗೆದುಕೊಂಡರು.

“ಯಾಕ್ರೋ? ಇದೊಂದು ಬಿಟ್ರೆ ಯಾರದೂ ಶಬ್ದ ಇಲ್ವಲ್ಲ?”

ರಿವೈಂಡಿಂಗ್‌ನವರು ಕೈ ಎತ್ತಿದರು, ಕ್ಲಾಸಿನಲ್ಲಿ ಎತ್ತುವಂತೆ. “ಸಾರ್, ನೀವೇ ಹೇಳಿದ್ರಿ. ಬಾಯಿ ಮಾತ್ರ ಆಡಿಸು ಅಂತ.”

“ನಿನಗಾ?”

“ನನಗೆ, ಸಾರ್. ಒಂಬತ್ತನೇ ಕ್ಲಾಸಿನಾಗೆ.”

“ನನಗೂ ಹೇಳಿದ್ರಿ ಸಾರ್,” ಎಂದಿತು ಹಿಂದಿನಿಂದ ಒಂದು ದನಿ.

“ನನಗೂ.”

“ಸಾರ್, ನಾನು ನನಗೊಬ್ಬಳಿಗೇ ಅಂದ್ಕೊಂಡಿದ್ದೆ,” ಅಂದರು ಮಧ್ಯದ ಸಾಲಿನ ಹೆಂಗಸೊಬ್ಬರು. ಅತ್ತಿಗೆ ಅವರನ್ನು ನೋಡಿದ ರೀತಿ, ಕಳೆದುಹೋದ ಅಕ್ಕ ಸಿಕ್ಕಂತಿತ್ತು. ಕೈಗಳು ಒಂದೊಂದಾಗಿ ಏಳುತ್ತಲೇ ಹೋದವು.

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. “ಹಂಗಾದ್ರೆ ದಿನಾ ಬೆಳಿಗ್ಗೆ ಹಾಡ್ತಿದ್ದೋರು ಯಾರು?”

“ನೀವೇ ಸಾರ್,” ಅಂದರು ರಿವೈಂಡಿಂಗ್‌ನವರು. “ನೀವೊಬ್ರೇ.”

ಆ ನಗುವನ್ನು ನಾನು ವರದಿ ಮಾಡಲಾರೆ. ಕುರ್ಚಿಗಳು ಮಗುಚಿದವು. ಒಬ್ಬರು ಶಾಲಿನಿಂದ ಮುಖ ಮುಚ್ಚಿಕೊಂಡರು. ಮುಂದಿನ ಸಾಲಿನ ಗಣಿತದ ಮೇಡಂ ಹಣ್ಣಿನ ಬುಟ್ಟಿಯ ಮೇಲೆ ಬಾಗಿ ನಗುತ್ತಿದ್ದರು, ಕಿತ್ತಳೆ ಉರುಳುತ್ತಿದ್ದವು. ಅಣ್ಣ ಯಾರೋ ಅಪರಿಚಿತರ ಹೆಗಲು ಹಿಡಿದು ನಗುತ್ತಿದ್ದ. ಮೇಷ್ಟ್ರು ಎಲ್ಲವೂ ಅಡಗುವವರೆಗೆ ಕಾದರು. ಆಮೇಲೆ ಅತ್ತಿಗೆಯ ಕಡೆ ತಿರುಗಿದರು.

“ಆ ಕೈಗೆ ಯಾಕೆ ವೈರು?”

“ಇದಿಲ್ಲದಿದ್ರೆ ಬೇಡದ ಶಬ್ದ ಬರ್ತೈತೆ ಸಾರ್.”

“ಹೌದಾ? ಆವಾಗ್ಲೇ ಗೊತ್ತಿದ್ರೆ ಇವರಿಗೆಲ್ಲ ಒಂದೊಂದು ಕಟ್ಟಿಬಿಡ್ತಿದ್ದೆ,” ಅಂದರು. ಮತ್ತೆ ಕುರ್ಚಿಗಳು ಮಗುಚಿದವು. “ಸರಿ. ಇನ್ನೊಂದ್ಸಲ. ಈಗ ಎಲ್ಲರೂ ಬಾಯಿ ಬಿಟ್ಟು.”

ಅತ್ತಿಗೆ ಎರಡನೇ ಸಲ ಶುರು ಮಾಡಿದರು. ಈ ಸಲ ಎಲ್ಲರೂ ಹಾಡಿದರು. ಒಬ್ಬರು ಮುಂದೆ, ಒಬ್ಬರು ಹಿಂದೆ, ಶ್ರುತಿ ಯಾರ ಕೈಗೂ ಸಿಗದೆ ಚಾವಣಿಗೆ ಹತ್ತಿತ್ತು. ಗಿಟಾರಿನ ಒಂದು ಸ್ವರವೂ ಕೇಳಲಿಲ್ಲ. ಅತ್ತಿಗೆ ನುಡಿಸುತ್ತ ನುಡಿಸುತ್ತ ತಾವೂ ಹಾಡುತ್ತಿದ್ದರು. ನಾನು ಹತ್ತಿರ ಇದ್ದುದರಿಂದ ಹೇಳಬಲ್ಲೆ: ಮೇಷ್ಟ್ರು ಎಂಟನೇ ಕ್ಲಾಸಿನಲ್ಲಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಅಂದು ಸಂಜೆ ನಾನು ಕಾರ್ಯಕ್ರಮದ ಸುದ್ದಿ ಕಳಿಸಿದೆ. ಸೋಮವಾರ ಒಳಪುಟದಲ್ಲಿ ಬಂತು. ಗಿಟಾರಿನ ವಾಕ್ಯವನ್ನು ಜಾಗದ ಅಭಾವದಿಂದ ಡೆಸ್ಕಿನವರು ತೆಗೆದಿದ್ದರು. ಮೊದಲ ಸಲದ ಪ್ರಾರ್ಥನೆಯ ವಿಡಿಯೋ ವಾಟ್ಸಾಪ್ ಗುಂಪಿನಲ್ಲಿದೆ. ಅದರಲ್ಲಿ ಗಿಟಾರು ಒಂದೇ ಕೇಳುತ್ತದೆ, ಎರಡೂ ಪಿಕಪ್ ಸೇರಿ. ಕತ್ತರಿಸಿದ ವೈರನ್ನು ಅದೇ ವಾರ ನ್ಯಾಮತಿಯಲ್ಲಿ ಮತ್ತೆ ಬೆಸೆದೆ. ತೋಟದ ಸ್ಟಾರ್ಟರಿನ ವೈರನ್ನು ರಿವೈಂಡಿಂಗ್‌ನವರು ಬಂದು ಜೋಡಿಸಿ ಹೋದರು. ಚಿನ್ನದ ಬಳೆಗೆ ಸುತ್ತಿದ ತುಂಡನ್ನು ಅತ್ತಿಗೆ ಇನ್ನೂ ಬಿಚ್ಚಿಲ್ಲ.

ಹೋದ ವಾರ ಪಿ.ಟಿ. ಮೇಷ್ಟ್ರು ಅತ್ತಿಗೆಗೆ ಫೋನು ಮಾಡಿದ್ದರು. ಮುಂದಿನ ಬ್ಯಾಚಿನವರೂ ಗುರುವಂದನೆ ಇಟ್ಟುಕೊಂಡಿದ್ದಾರಂತೆ. ಗಿಟಾರು ತರಬೇಕು, ಹಾಡುವುದು ಬೇಡ ಎಂದರು. ಅತ್ತಿಗೆ ಒಪ್ಪಿಕೊಂಡಿದ್ದಾರೆ.